ಜಾಯ್‌ಸ್ಟಿಕ್ಕಿನೊಳಗೊಂದು ಕಂಪ್ಯೂಟರ್: ಸಿ64 ಡಿಟಿವಿಗೆ ಕೀಬೋರ್ಡ್, ಡಿಸ್ಕ್ ಮತ್ತು ಹೊಸ ವಿದ್ಯುತ್ ಜೋಡಿಸುವ ಸಮಗ್ರ ಮಾರ್ಗದರ್ಶಿ

ನಾಲ್ಕು ಸೆಲ್ ಹಾಕಿ, ಹಳದಿ ಮತ್ತು ಬಿಳಿ ಪಿನ್ನುಗಳನ್ನು ಟಿವಿಯ ಹಿಂಬದಿಗೆ ಚುಚ್ಚಿದರೆ ಸಾಕು, ಆಟ ಶುರುವಾಗುತ್ತದೆ. ಇಂಥ ಜಾಯ್‌ಸ್ಟಿಕ್ ಆಟಿಕೆಗಳು ಎರಡು ದಶಕಗಳ ಹಿಂದೆ ಹಲವು ಬಗೆಯಲ್ಲಿ ಬಂದವು. ಅವುಗಳಲ್ಲಿ ಹೆಚ್ಚಿನವನ್ನು ಬಿಚ್ಚಿದರೆ ಕರಿ ಅಂಟಿನ ಮುದ್ದೆಯ ಕೆಳಗೆ ಮುಚ್ಚಿಹೋದ ಒಂದು ಚಿಪ್ಪು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಇದಕ್ಕೆ ದೊಡ್ಡ ಅಪವಾದ 2004ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಸಿ64 ಡಿಟಿವಿ, ಅಂದರೆ ಕಾಮೊಡೋರ್ 64 ಡೈರೆಕ್ಟ್ ಟು ಟಿವಿ. 1982ರ ಕಾಮೊಡೋರ್ 64 ಕಂಪ್ಯೂಟರಿನ ಪ್ರೊಸೆಸರ್, ಚಿತ್ರದ ಚಿಪ್ಪು, ಧ್ವನಿಯ ಚಿಪ್ಪು ಎಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಮರುಸೃಷ್ಟಿಸಿ, 30 ಆಟಗಳೊಂದಿಗೆ ಒಂದು ಜಾಯ್‌ಸ್ಟಿಕ್ಕಿನ ಬುಡದಲ್ಲಿ ಕೂರಿಸಿದವರು ಜೆರಿ ಎಲ್ಸ್‌ವರ್ತ್ ಎಂಬ ಅಮೆರಿಕದ ವಿನ್ಯಾಸಕಿ. ಅವರು ಇದನ್ನು ಬರಿಯ ಆಟಿಕೆಯಾಗಿ ಮುಗಿಸಲಿಲ್ಲ. ಕೀಬೋರ್ಡ್ ಮತ್ತು ಡಿಸ್ಕ್ ಡ್ರೈವ್ ಜೋಡಿಸಲು ಬೇಕಾದ ಗೆರೆಗಳನ್ನು ಚಿಪ್ಪಿನಿಂದ ಬೋರ್ಡಿನ ಮೇಲಕ್ಕೆ ತಂದು, ತವರ ಹಚ್ಚಬಹುದಾದ ಪುಟ್ಟ ಬಿಂದುಗಳಾಗಿ ಬಿಟ್ಟು, ಪಕ್ಕದಲ್ಲಿ ಅವುಗಳ ಹೆಸರನ್ನೂ ಅಚ್ಚು ಹಾಕಿಸಿದರು. ಮನೆಯಲ್ಲಿ ಬೆಸುಗೆ ಹಾಕುವವರಿಗಾಗಿ ಬಾಗಿಲನ್ನು ತೆರೆದಿಟ್ಟೇ ಮಾಡಿದ ಯಂತ್ರ ಇದು. ಆ ಬಾಗಿಲಿನಿಂದಲೇ, ಏನನ್ನೂ ಒಡೆಯದೆ ಒಳಗೆ ಹೋಗುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಈ ಕೆಲಸಕ್ಕೆ ನಾನು ಪಾಲಿಸುವ ನಿಯಮ ಒಂದೇ: ಮೊದಲು ಅಳೆಯಬೇಕು, ಆಮೇಲೆ ಒಂದೇ ಒಂದು ಬದಲಾವಣೆ ಮಾಡಬೇಕು, ಅದು ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಮುಂದಿನದಕ್ಕೆ ಕೈ ಹಾಕಬೇಕು. ಒಂದೇ ಸಂಜೆ ಹದಿನೈದು ತಂತಿಗಳನ್ನು ಕೂರಿಸಿ ಸ್ವಿಚ್ ಒತ್ತಿದವರಿಗೆ ತಪ್ಪು ಯಾವ ತಂತಿಯಲ್ಲಿದೆ ಎಂದು ಹುಡುಕಲು ಮೂರು ಸಂಜೆ ಬೇಕಾಗುತ್ತದೆ.

ನಿಮ್ಮ ಕೈಯಲ್ಲಿರುವುದು ಯಾವ ಆವೃತ್ತಿ

2004ರಲ್ಲಿ ಅಮೆರಿಕದಲ್ಲಿ ಮಾರಾಟವಾದದ್ದು ಎನ್‌ಟಿಎಸ್‌ಸಿ, ಅಂದರೆ ಅಲ್ಲಿನ ಟಿವಿ ಸಂಕೇತ ಪದ್ಧತಿಯ ಆವೃತ್ತಿ. ಅದರಲ್ಲಿ 128 ಕಿಲೋಬೈಟ್ ರ‍್ಯಾಮ್ ಮತ್ತು 2 ಮೆಗಾಬೈಟ್ ರಾಮ್ ಇವೆ. ರಾಮ್‌ನಲ್ಲಿರುವುದನ್ನು ಬದಲಾಯಿಸಲು ಆಗುವುದಿಲ್ಲ. 2005ರಲ್ಲಿ ಯುರೋಪ್ ಮೊದಲಾದ ಮಾರುಕಟ್ಟೆಗಳಿಗಾಗಿ ಬಂದ ಪಾಲ್ ಆವೃತ್ತಿಯಲ್ಲಿ ರ‍್ಯಾಮ್ 2 ಮೆಗಾಬೈಟಿಗೆ ಏರಿತು ಮತ್ತು ರಾಮ್ ಇದ್ದ ಜಾಗಕ್ಕೆ ಮತ್ತೆ ಮತ್ತೆ ಬರೆಯಬಹುದಾದ 2 ಮೆಗಾಬೈಟ್ ಫ್ಲ್ಯಾಶ್ ಬಂತು. ಇದರಿಂದ ಮಾರ್ಪಾಡು ಮಾಡುವವರಿಗೆ ಪಾಲ್ ಆವೃತ್ತಿಯೇ ಹೆಚ್ಚು ಇಷ್ಟ. ಆದರೆ ಅದರಲ್ಲಿ ತಯಾರಿಕೆಯ ಹಂತದಲ್ಲೇ ಸೇರಿಕೊಂಡ ಒಂದು ಬಣ್ಣದ ದೋಷವಿದೆ. ಅದನ್ನು ಸರಿಪಡಿಸುವ ಬಗೆಯನ್ನು ಮುಂದೆ ಹೇಳಿದ್ದೇನೆ.

ನಮ್ಮ ದೇಶದ ಹಳೆಯ ಅನಲಾಗ್ ಟಿವಿ ಪ್ರಸಾರ ಪಾಲ್ ಪದ್ಧತಿಯದಾಗಿದ್ದರೂ, ಇಲ್ಲಿ ಮಾರಾಟವಾಗುವ ಎಲ್‌ಸಿಡಿ ಮತ್ತು ಎಲ್‌ಇಡಿ ಟಿವಿಗಳಲ್ಲಿ ಬಹುಪಾಲು ಎನ್‌ಟಿಎಸ್‌ಸಿ ಸಂಕೇತವನ್ನೂ ಒಪ್ಪಿಕೊಳ್ಳುತ್ತವೆ. ಆದ್ದರಿಂದ ಅಮೆರಿಕದಿಂದ ನೆಂಟರು ತಂದುಕೊಟ್ಟ ಯಂತ್ರವೂ ಇಲ್ಲಿ ನಡೆಯುತ್ತದೆ. ನಾನು ಮೊದಲು ಕೆಲಸ ಮಾಡಿದ ಯಂತ್ರ ಹಾಗೆ ನನ್ನ ಭಾವನವರ ಸೂಟ್‌ಕೇಸಿನಲ್ಲಿ ಬಂದದ್ದೇ. ಹೊಸ ಟಿವಿಗಳಲ್ಲಿ ಹಳದಿ, ಬಿಳಿ, ಕೆಂಪು ಸಾಕೆಟ್ಟುಗಳ ಬದಲು 3.5 ಮಿಲಿಮೀಟರಿನ ಒಂದೇ ಎವಿ ತೂತು ಇರುವುದುಂಟು. ಅದಕ್ಕೆ ಬೇಕಾದ ಪರಿವರ್ತಕ ತಂತಿಯಲ್ಲಿ ಗ್ರೌಂಡ್ ಮತ್ತು ವಿಡಿಯೋ ಇರುವ ಸ್ಥಾನ ಟಿವಿಯಿಂದ ಟಿವಿಗೆ ಬೇರೆಯಾಗುವುದರಿಂದ, ಟಿವಿಯೊಂದಿಗೆ ಕೊಟ್ಟ ತಂತಿಯನ್ನೇ ಬಳಸುವುದು ಒಳ್ಳೆಯದು. ಚಿತ್ರ ಬರಲಿಲ್ಲವೆಂದು ಯಂತ್ರವನ್ನು ದೂರುವ ಮೊದಲು ಈ ತಂತಿಯನ್ನು ಪರೀಕ್ಷಿಸಿ.

ಏನನ್ನೂ ಬಿಚ್ಚುವ ಮೊದಲು ಸೆಲ್ ಹಾಕಿ ಯಂತ್ರವನ್ನು ಒಂದು ಗಂಟೆ ಆಡಿ ನೋಡಿ. ಕೋಲಿನ ನಾಲ್ಕೂ ದಿಕ್ಕು, ಎಲ್ಲ ಗುಂಡಿಗಳು, ಚಿತ್ರ, ಧ್ವನಿ ಸರಿಯಿವೆಯೇ ಎಂದು ಕಾಗದದಲ್ಲಿ ಬರೆದಿಡಿ. ಬಿಚ್ಚುವ ಮೊದಲೇ ಇದ್ದ ದೋಷ ಯಾವುದು, ನಮ್ಮ ಬೆಸುಗೆಯಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಲು ಮುಂದೆ ಈ ಟಿಪ್ಪಣಿಯೊಂದೇ ಆಧಾರ.

ಸಾಮಾನು

25 ವ್ಯಾಟಿನ, ಮೊನಚು ತುದಿಯ ಸೋಲ್ಡರಿಂಗ್ ಐರನ್, ಒಳಗೆ ಫ್ಲಕ್ಸ್ ಇರುವ ತೆಳ್ಳನೆಯ 60/40 ಸೋಲ್ಡರ್ ತಂತಿ, ಬೇರೆಯಾಗಿ ಸ್ವಲ್ಪ ಫ್ಲಕ್ಸ್ (ತವರ ಚೆನ್ನಾಗಿ ಹರಡಿ ಕೂಡಲು ನೆರವಾಗುವ ಅಂಟು), ತವರ ಹೀರುವ ತಾಮ್ರದ ಹೆಣಿಗೆ, ಎರಡು ಬಿಂದುಗಳ ನಡುವೆ ಸಂಪರ್ಕವಿದ್ದರೆ ಬೀಪ್ ಸದ್ದು ಮಾಡುವ ಮಲ್ಟಿಮೀಟರ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಮತ್ತು ಬಿಸಿ ಅಂಟಿನ ಗನ್ ಬೇಕು. ತಂತಿಗೆ ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕಿಗೆ ಬಳಸುತ್ತಿದ್ದ ಚಪ್ಪಟೆ ರಿಬ್ಬನ್ ಕೇಬಲಿಗಿಂತ ಒಳ್ಳೆಯದು ಇಲ್ಲ. ಎಳೆ ಎಳೆಯಾಗಿ ಸೀಳಬಹುದು, ತೆಳ್ಳಗಿದೆ, ಬೋರ್ಡನ್ನು ಜಗ್ಗುವುದಿಲ್ಲ. ಸಾಕೆಟ್ಟುಗಳ ಪೈಕಿ ಕೀಬೋರ್ಡಿಗೆ 6 ಪಿನ್ನಿನ ಮಿನಿ ಡಿನ್, ಡಿಸ್ಕಿಗೆ 6 ಪಿನ್ನಿನ ದೊಡ್ಡ ಡಿನ್, ವಿದ್ಯುತ್ತಿಗೆ ಮೂರು ಕಾಲಿನ ಡಿಸಿ ಸಾಕೆಟ್ ಬೇಕು. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಇವು ಸಿಗುತ್ತವೆ. ದೊಡ್ಡ ಡಿನ್ ಸಾಕೆಟ್ ಕೊಳ್ಳುವಾಗ ಮಾತ್ರ ಪಿನ್ನುಗಳನ್ನು ಎಣಿಸಿ ನೋಡಿ, ಏಕೆಂದರೆ 5 ಪಿನ್ನಿನದು ಹೊರನೋಟಕ್ಕೆ ಹಾಗೆಯೇ ಕಾಣುತ್ತದೆ.

ಸೋಲ್ಡರಿನಲ್ಲಿ ಸೀಸವಿದೆ. ಕಿಟಕಿ ತೆರೆದು ಕೆಲಸ ಮಾಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳು ಊಟ ಮಾಡುವ ಮೇಜಿನ ಮೇಲೆ ಈ ಕೆಲಸ ಬೇಡ.

ತೆರೆಯುವುದು

ಸೆಲ್‌ಗಳನ್ನು ತೆಗೆದು, ಯಂತ್ರವನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ, ಬುಡದ ಸ್ಕ್ರೂಗಳನ್ನು ಬಿಚ್ಚಿ. ಎಲ್ಲ ಸ್ಕ್ರೂ ತೆಗೆದ ಮೇಲೂ ಎರಡು ಹೋಳು ಬಿಟ್ಟುಕೊಳ್ಳದಿದ್ದರೆ ಬಲ ಹಾಕಿ ಸೀಳಬೇಡಿ. ಅಂಟಿನ ಚೀಟಿ ಅಥವಾ ರಬ್ಬರ್ ಕಾಲುಗಳ ಮೇಲೆ ಹೆಬ್ಬೆರಳು ಒತ್ತಿ ನೋಡಿದರೆ ಒಳಗೆ ತಗ್ಗಿರುವ ಕಡೆ ಮರೆಯಾದ ಸ್ಕ್ರೂ ತಿಳಿಯುತ್ತದೆ. ತೆರೆದ ತಕ್ಷಣ, ಏನನ್ನೂ ಅಲುಗಿಸುವ ಮೊದಲು, ಬೆಳಕು ಚೆನ್ನಾಗಿ ಬೀಳುವಂತೆ ಬೋರ್ಡಿನ ಎರಡೂ ಬದಿಯ ಫೋಟೋ ತೆಗೆಯಿರಿ. ಸೆಲ್ ಪೆಟ್ಟಿಗೆಯಿಂದ ಬರುವ ತಂತಿ, ಟಿವಿಗೆ ಹೋಗುವ ತಂತಿ, ಕೋಲು ಮತ್ತು ಗುಂಡಿಗಳ ತಂತಿಗಳು ಎಲ್ಲಿ ಸೇರಿವೆ ಎಂಬುದು ಫೋಟೋದಲ್ಲಿ ಓದುವಷ್ಟು ಸ್ಪಷ್ಟವಾಗಿರಬೇಕು.

ಈಗ ಬೋರ್ಡಿನ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಯಾವ ಭಾಗವೂ ಕೂರದ, ಬರಿದಾದ, ಹೊಳೆಯುವ ಬಿಂದುಗಳು ಗುಂಪಾಗಿ ಕಾಣಿಸುತ್ತವೆ. ಪಕ್ಕದ ಬಿಳಿ ಅಕ್ಷರಗಳಲ್ಲಿ ಕ್ಲಾಕ್, ಡೇಟಾ, ಗ್ರೌಂಡ್ ಎಂಬವುಗಳ ಸಂಕ್ಷಿಪ್ತ ರೂಪಗಳಿರುತ್ತವೆ. ಇಲ್ಲಿ ಒಂದು ಗೊಂದಲಕ್ಕೆ ಅವಕಾಶವಿದೆ: ಕೀಬೋರ್ಡಿಗೂ ಒಂದು ಕ್ಲಾಕ್, ಒಂದು ಡೇಟಾ ಇದೆ, ಡಿಸ್ಕಿನ ಸಾಲಿಗೂ ಒಂದು ಕ್ಲಾಕ್, ಒಂದು ಡೇಟಾ ಇದೆ. ಯಾವ ಗುಂಪಿನಲ್ಲಿ ಎಟಿಎನ್ ಎಂಬ ಮೂರಕ್ಷರದ ಹೆಸರು ಸೇರಿದೆಯೋ ಅದು ಡಿಸ್ಕಿನದು. ಇದನ್ನು ಫೋಟೋದ ಮೇಲೆಯೇ ಬಣ್ಣದ ಪೆನ್ನಿನಲ್ಲಿ ಗುರುತಿಸಿಕೊಂಡರೆ ಮುಂದಿನ ಕೆಲಸ ಸುಲಭ.

ಮೊದಲು ವಿದ್ಯುತ್

ಕೀಬೋರ್ಡಿನ ಆಸೆ ಎಲ್ಲರಿಗೂ ಮೊದಲು ಬರುತ್ತದೆ, ಆದರೆ ವಿದ್ಯುತ್ತನ್ನು ಮೊದಲು ಮುಗಿಸಬೇಕು ಎಂಬುದಕ್ಕೆ ಕಾರಣವಿದೆ. ಯಂತ್ರ ನಡೆಯುವುದು ನಾಲ್ಕು ಎಎ ಸೆಲ್‌ಗಳಿಂದ. ಒಂದೊಂದರ ವೋಲ್ಟೇಜ್ 1.5 ಎಂದರೆ ಒಟ್ಟು 6 ವೋಲ್ಟ್, ಹೊಚ್ಚಹೊಸ ಸೆಲ್‌ಗಳಾದರೆ ಅದಕ್ಕಿಂತ ತುಸು ಹೆಚ್ಚೇ. ನಾವು ಇದಕ್ಕೆ ಜೋಡಿಸುವ, ದುಂಡು ಪ್ಲಗ್ಗಿನ ಹಳೆಯ ಮಾದರಿಯ ಪಿಎಸ್/2 ಕೀಬೋರ್ಡ್ ಮಾಡಿರುವುದು 5 ವೋಲ್ಟಿಗೆ. ಹೊಸ ಸೆಲ್‌ಗಳ ವಿದ್ಯುತ್ತನ್ನು ನೇರವಾಗಿ ಕೀಬೋರ್ಡಿಗೆ ಕೊಟ್ಟರೆ ಅದು ತಡೆದುಕೊಳ್ಳಬಹುದು, ತಡೆದುಕೊಳ್ಳದೆಯೂ ಹೋಗಬಹುದು. ಇನ್ನೊಂದು ಕಡೆ, ಸೆಲ್‌ಗಳು ಬಳಕೆಯಲ್ಲಿ ಇಳಿಯುತ್ತಾ ಹೋಗುವುದನ್ನು ತಾಳಿಕೊಳ್ಳುವಂತೆಯೇ ಈ ಯಂತ್ರ ರೂಪುಗೊಂಡಿರುವುದರಿಂದ 5 ವೋಲ್ಟ್ ಅದಕ್ಕೆ ಸಹಜ. ಆದ್ದರಿಂದ 5 ವೋಲ್ಟಿನ ಸ್ಥಿರ ಪೂರೈಕೆ ಕೊಟ್ಟರೆ ಯಂತ್ರ ಮತ್ತು ಕೀಬೋರ್ಡ್ ಎರಡಕ್ಕೂ ಒಂದೇ ಮೂಲ ಸಾಕಾಗುತ್ತದೆ. ಕನಿಷ್ಠ 500 ಮಿಲಿಆಂಪಿಯರ್ ಕೊಡುವ, ಒಳ್ಳೆಯ ಗುಣಮಟ್ಟದ ಫೋನ್ ಚಾರ್ಜರ್ ಬಳಸಬಹುದು, ಆದರೆ ಚಪ್ಪಟೆ ಬಾಯಿಯ ಹಳೆಯ ಮಾದರಿಯ ಯುಎಸ್‌ಬಿ ಸಾಕೆಟ್ ಇರುವುದನ್ನೇ ಆರಿಸಿ. ಅದರಿಂದ ದುಂಡು ಡಿಸಿ ಪಿನ್ನಿಗೆ ಹೋಗುವ ತಂತಿಯೂ ಬೇಕು; ಮುಂದೆ ಇವೆರಡನ್ನೂ ಸೇರಿಸಿ ಅಡಾಪ್ಟರ್ ಎಂದಿದ್ದೇನೆ. ಅಗ್ಗದ ಚಾರ್ಜರುಗಳು ಪರದೆಯ ಮೇಲೆ ಅಡ್ಡಗೆರೆಗಳನ್ನೂ ಧ್ವನಿಯಲ್ಲಿ ಗುಂಯ್‌ಗುಡುವಿಕೆಯನ್ನೂ ತರುತ್ತವೆ.

ಸೆಲ್ ಪೆಟ್ಟಿಗೆಯನ್ನು ಕಿತ್ತುಹಾಕುವ ಅಗತ್ಯವಿಲ್ಲ. ಮೂರು ಕಾಲಿನ ಡಿಸಿ ಸಾಕೆಟ್ಟಿನಲ್ಲಿ ಒಂದು ಕಾಲು ಒಳಗಿನ ಮಧ್ಯದ ಕಡ್ಡಿಗೆ ಸೇರಿರುತ್ತದೆ, ಎರಡನೆಯದು ಹೊರ ಅಂಚನ್ನು ಮುಟ್ಟುವ ಸ್ಪ್ರಿಂಗಿಗೆ, ಮೂರನೆಯದು ಪಿನ್ ಚುಚ್ಚಿಲ್ಲದಾಗ ಮಾತ್ರ ಆ ಸ್ಪ್ರಿಂಗನ್ನು ಮುಟ್ಟುವ ಸಂಪರ್ಕಕ್ಕೆ. ಯಾವುದು ಯಾವುದೆಂದು ಮಲ್ಟಿಮೀಟರಿನ ಬೀಪಿನಿಂದ ಗುರುತಿಸಿ: ಪಿನ್ ಇಲ್ಲದಾಗ ಬೀಪ್ ಬಂದು, ಪಿನ್ ಚುಚ್ಚಿದಾಗ ನಿಲ್ಲುವ ಜೋಡಿಯೇ ಎರಡನೆಯ ಮತ್ತು ಮೂರನೆಯ ಕಾಲು. ಬಳಿಕ ಸೆಲ್ ಪೆಟ್ಟಿಗೆಯ ಧನ ತಂತಿ ಮತ್ತು ಬೋರ್ಡಿನ ಧನ ತಂತಿ ಎರಡನ್ನೂ ಮಧ್ಯದ ಕಾಲಿಗೆ, ಬೋರ್ಡಿನ ಋಣ ತಂತಿಯನ್ನು ಎರಡನೆಯ ಕಾಲಿಗೆ, ಸೆಲ್ ಪೆಟ್ಟಿಗೆಯ ಋಣ ತಂತಿಯನ್ನು ಮೂರನೆಯ ಕಾಲಿಗೆ ಬೆಸೆಯಿರಿ. ಹೀಗೆ ಮಾಡಿದರೆ ಅಡಾಪ್ಟರ್ ಪಿನ್ ಒಳಗೆ ಹೋದ ಕ್ಷಣವೇ ಸೆಲ್‌ಗಳ ಋಣ ದಾರಿ ಕಡಿದುಹೋಗುತ್ತದೆ, ಹೊರಗಿನ ವಿದ್ಯುತ್ ಸೆಲ್‌ಗಳೊಳಗೆ ನುಗ್ಗುವುದಿಲ್ಲ. ಈ ಕಡಿತವಿಲ್ಲದೆ ಎರಡನ್ನೂ ಒಟ್ಟಿಗೆ ಜೋಡಿಸಿದರೆ ಚಾರ್ಜ್ ಆಗಬಾರದ ಸೆಲ್‌ಗಳು ಬಿಸಿಯಾಗಿ ಸೋರುತ್ತವೆ.

ಅಡಾಪ್ಟರಿನ ಪಿನ್ನಿನಲ್ಲಿ ಮಧ್ಯಭಾಗವೇ ಧನವೆಂದು ಮೀಟರಿನಲ್ಲಿ ಅಳೆದು ಖಚಿತಪಡಿಸಿಕೊಳ್ಳದೆ ಚುಚ್ಚಲೇಬೇಡಿ. ತಿರುಗುಮುರುಗಾದ ವಿದ್ಯುತ್ ಈ ಚಿಪ್ಪನ್ನು ಸುಡಬಲ್ಲದು, ಮತ್ತು ಇದಕ್ಕೆ ಬದಲಿ ಚಿಪ್ಪು ಅಂಗಡಿಯಲ್ಲಿ ಸಿಗುವುದಿಲ್ಲ. ಚುಚ್ಚುವ ಮೊದಲು ಬೋರ್ಡಿನ ಧನ ಮತ್ತು ಗ್ರೌಂಡ್ ನಡುವೆ ಬೀಪ್ ಇಲ್ಲವೆಂದು ಮತ್ತೊಮ್ಮೆ ನೋಡಿ. ಆಟ ಎಂದಿನಂತೆ ಶುರುವಾದರೆ ಈ ಹಂತ ಮುಗಿಯಿತು.

ಕೀಬೋರ್ಡ್

ಪಿಎಸ್/2 ಕೀಬೋರ್ಡಿಗೆ ಬೇಕಾದದ್ದು ನಾಲ್ಕೇ ತಂತಿ. 6 ಪಿನ್ನಿನ ಮಿನಿ ಡಿನ್ ಜೋಡಣೆಯಲ್ಲಿ 1ನೆಯ ಪಿನ್ ಡೇಟಾ, 3ನೆಯದು ಗ್ರೌಂಡ್, 4ನೆಯದು 5 ವೋಲ್ಟ್, 5ನೆಯದು ಕ್ಲಾಕ್. 2 ಮತ್ತು 6 ಖಾಲಿ. ಪಿನ್ನುಗಳ ಸಂಖ್ಯೆಯನ್ನು ತೋರಿಸುವ ಚಿತ್ರಗಳು ಕೆಲವೊಮ್ಮೆ ಸಾಕೆಟ್ಟಿನ ಮುಖವನ್ನು, ಕೆಲವೊಮ್ಮೆ ಪ್ಲಗ್ಗಿನ ಮುಖವನ್ನು ತೋರಿಸುತ್ತವೆ. ಒಂದು ಇನ್ನೊಂದರ ಕನ್ನಡಿ ಬಿಂಬವಾದ್ದರಿಂದ ಎಡಬಲ ಅದಲುಬದಲಾಗುತ್ತದೆ. ಸಾಕೆಟ್ಟಿನ ಬೆನ್ನಿಗೆ ಬೆಸುಗೆ ಹಾಕುವಾಗ ಇದು ಇನ್ನೊಮ್ಮೆ ತಿರುಗುತ್ತದೆ. ನನಗೆ ನಂಬಿಕೆಯಿರುವ ಕ್ರಮವೆಂದರೆ, ಕೆಟ್ಟುಹೋದ ಒಂದು ಕೀಬೋರ್ಡಿನ ಪ್ಲಗ್ಗನ್ನು ಸಾಕೆಟ್ಟಿಗೆ ಚುಚ್ಚಿ, ಅದರ ಕಡಿದ ತಂತಿಗಳಿಂದ ಸಾಕೆಟ್ಟಿನ ಕಾಲುಗಳಿಗೆ ಬೀಪ್ ನೋಡಿ, ಪ್ರತಿ ಕಾಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳುವುದು. ಕೀಬೋರ್ಡ್ ತಂತಿಗಳ ಬಣ್ಣವನ್ನು ಮಾತ್ರ ನಂಬಬೇಡಿ. ತಯಾರಕರು ಅದರಲ್ಲಿ ಯಾವ ಒಂದೇ ಕ್ರಮವನ್ನೂ ಪಾಲಿಸಿಲ್ಲ.

ಯುಎಸ್‌ಬಿ ಕೀಬೋರ್ಡಿಗೆ ಹಸಿರು ಅಥವಾ ನೇರಳೆ ಬಣ್ಣದ ಪರಿವರ್ತಕ ತುಂಡನ್ನು ಸಿಕ್ಕಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಆ ತುಂಡಿನೊಳಗೆ ಬರಿಯ ತಂತಿಗಳಿವೆ. ಎರಡೂ ಭಾಷೆ ಬಲ್ಲ ಕೀಬೋರ್ಡಾದರೆ ಮಾತ್ರ ಅದು ನಡೆಯುತ್ತದೆ, ಇತ್ತೀಚಿನವುಗಳಲ್ಲಿ ಬಹಳಷ್ಟಕ್ಕೆ ಆ ಶಕ್ತಿಯಿಲ್ಲ. ಗುಜರಿಯಲ್ಲಿ ಸಿಗುವ ದುಂಡು ಪ್ಲಗ್ಗಿನ ಹಳೆಯ ಕೀಬೋರ್ಡೇ ಇಲ್ಲಿಗೆ ತಕ್ಕದ್ದು.

ಬೆಸುಗೆಯ ಕ್ರಮ ಹೀಗಿರಲಿ. ಬಿಂದುವಿನ ಮೇಲೆ ಕಡಲೆಬೇಳೆಯ ಕಾಲುಭಾಗದಷ್ಟು ಫ್ಲಕ್ಸ್ ಹಚ್ಚಿ, ಐರನ್ನಿನ ತುದಿಯನ್ನು ಒಂದು ಕ್ಷಣ ಮುಟ್ಟಿಸಿ ತೆಳುವಾಗಿ ತವರ ಹರಡಿ. ತಂತಿಯ ತುದಿಯ ಎರಡು ಮಿಲಿಮೀಟರನ್ನು ಬಿಡಿಸಿ, ತಿರುಚಿ, ಅದಕ್ಕೂ ಬೇರೆಯಾಗಿ ತವರ ಹಚ್ಚಿ. ನಂತರ ತಂತಿಯನ್ನು ಬಿಂದುವಿನ ಮೇಲೆ ಮಲಗಿಸಿ ಮೇಲಿನಿಂದ ಐರನ್ ಒತ್ತಿದರೆ ಎರಡೂ ತವರ ಕರಗಿ ಒಂದಾಗುತ್ತವೆ. ಐರನ್ ಬಿಂದುವಿನ ಮೇಲೆ ಇರಬೇಕಾದದ್ದು ಎರಡು, ಹೆಚ್ಚೆಂದರೆ ಮೂರು ಸೆಕೆಂಡ್. ಕೂಡಲಿಲ್ಲವೆಂದು ಅದೇ ಜಾಗದಲ್ಲಿ ಒತ್ತಿ ಹಿಡಿಯುವುದರಿಂದ ತಾಮ್ರದ ಬಿಂದು ಬೋರ್ಡಿನಿಂದ ಎದ್ದುಬರುತ್ತದೆ. ಐರನ್ ತೆಗೆದು, ಆರಲು ಬಿಟ್ಟು, ಮತ್ತೆ ಫ್ಲಕ್ಸ್ ಹಾಕಿ ಪ್ರಯತ್ನಿಸಿ. ತಣಿದ ಬೆಸುಗೆ ಹೊಳೆಯುತ್ತಿದ್ದರೆ, ಅದರ ಅಂಚು ಬಿಂದುವಿನ ಮೇಲೆ ಇಳಿಜಾರಾಗಿ ಹರಡಿದ್ದರೆ ಅದು ಒಳ್ಳೆಯ ಬೆಸುಗೆ. ಮಂಕಾಗಿ, ಗೋಲಿಯಂತೆ ಎದ್ದು ಕೂತಿದ್ದರೆ ಅದು ಮೇಲೆ ಅಂಟಿದೆಯೇ ಹೊರತು ಕೂಡಿಲ್ಲ.

ನನ್ನ ಮೊದಲ ಯಂತ್ರದಲ್ಲಿ ನಾಲ್ಕೂ ಬೆಸುಗೆ ಚೆನ್ನಾಗಿ ಬಂದಿದ್ದವು. ಆದರೆ ತಂತಿಗಳನ್ನು ಅಂಟಿನಿಂದ ಭದ್ರಪಡಿಸುವ ಮೊದಲೇ ಕೀಬೋರ್ಡ್ ಚುಚ್ಚಿ ನೋಡಿದೆ. ಪ್ಲಗ್ ಎಳೆಯುವಾಗ ಸಾಕೆಟ್ಟೇ ಕೈಗೆ ಬಂದು, ಡೇಟಾ ತಂತಿ ತನ್ನೊಂದಿಗೆ ತಾಮ್ರದ ಬಿಂದುವನ್ನೂ ಕಿತ್ತುಕೊಂಡು ಬಂತು. ಬೋರ್ಡಿನಲ್ಲಿ ಉಳಿದದ್ದು ಕಂದು ಬಣ್ಣದ ಒಂದು ಚುಕ್ಕೆ. ಹೀಗಾದರೆ ಎದೆಗುಂದಬೇಕಿಲ್ಲ. ಆ ಚುಕ್ಕೆಯಿಂದ ಹೊರಡುವ ಕೂದಲೆಳೆಯಂಥ ಹಸಿರು ಗೆರೆಯನ್ನು ಹುಡುಕಿ, ಹೊಸ ಬ್ಲೇಡಿನ ತುದಿಯಿಂದ ಮೂರು ಮಿಲಿಮೀಟರಿನಷ್ಟು ಉದ್ದಕ್ಕೆ ಮೇಲಿನ ಬಣ್ಣವನ್ನು ಮಾತ್ರ ಮೆಲ್ಲಗೆ ಕೆರೆದಾಗ ಒಳಗಿನ ತಾಮ್ರ ಗುಲಾಬಿಯಾಗಿ ಮಿನುಗುತ್ತದೆ. ಅದಕ್ಕೆ ತವರ ಹಚ್ಚಿ, ರಿಬ್ಬನ್ ಕೇಬಲಿನ ಒಂದೇ ಒಂದು ಸಣ್ಣ ಎಳೆಯನ್ನು ಅದರ ಮೇಲೆ ಮಲಗಿಸಿ ಬೆಸೆದೆ. ಆ ಬೆಸುಗೆ ಇಂದಿಗೂ ನಿಂತಿದೆ. ಅಂದಿನಿಂದ ಪ್ರತಿಯೊಂದು ಗುಂಪಿನ ಬೆಸುಗೆ ಮುಗಿದ ತಕ್ಷಣ, ಪರೀಕ್ಷೆಗೂ ಮೊದಲು, ಬಿಂದುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ತಂತಿಗಳನ್ನು ಬಿಸಿ ಅಂಟಿನಿಂದ ಬೋರ್ಡಿಗೆ ಹಿಡಿಸುತ್ತೇನೆ.

ಈಗ ಕೀಬೋರ್ಡ್ ಚುಚ್ಚಿ ಯಂತ್ರವನ್ನು ಶುರು ಮಾಡಿ. ಆರಂಭದ ಹಂತದಲ್ಲಿ ಕೋಲನ್ನು ಎಡಕ್ಕೂ ಬಲಕ್ಕೂ ವೇಗವಾಗಿ ಆಡಿಸಿದರೆ ಆಟಗಳ ಪಟ್ಟಿಯ ಬದಲು ಬೇಸಿಕ್ ಭಾಷೆಯ ಪರದೆ ಬರುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಆರಿಸಿ ಮತ್ತೆ ಯತ್ನಿಸಿ. ರೆಡಿ ಎಂಬ ಪದದ ಕೆಳಗೆ ಮಿಣುಕುವ ಚೌಕ ಕಂಡಾಗ ಕೀಲಿ ಒತ್ತಿ ನೋಡಿ. ಅಕ್ಷರಗಳೆಲ್ಲ ಬಂದು ಚಿಹ್ನೆಗಳು ಮಾತ್ರ ಬೇರೆ ಜಾಗದಲ್ಲಿ ಕಂಡರೆ ಅದು ತಂತಿಯ ತಪ್ಪಲ್ಲ. ಕಾಮೊಡೋರ್ 64ರ ಕೀಲಿಗಳ ವಿನ್ಯಾಸವೇ ನಮ್ಮ ಕಂಪ್ಯೂಟರುಗಳಿಗಿಂತ ಬೇರೆ, ಉದಾಹರಣೆಗೆ ಅದರಲ್ಲಿ ಉದ್ಧರಣ ಚಿಹ್ನೆ ಬರುವುದು ಶಿಫ್ಟ್ ಜೊತೆ 2 ಒತ್ತಿದಾಗ. ಯಾವ ಕೀಲಿ ಏನು ಕೊಡುತ್ತದೆಂದು ಒಂದು ಕಾಗದಕ್ಕೆ ಇಳಿಸಿಕೊಳ್ಳಿ. ಏನೂ ಬರದಿದ್ದರೆ ಕ್ಲಾಕ್ ಮತ್ತು ಡೇಟಾ ಅದಲುಬದಲಾಗಿವೆಯೇ, ಅಥವಾ ಡಿಸ್ಕಿನ ಗುಂಪಿಗೆ ಬೆಸೆದಿದ್ದೀರಾ ಎಂದು ನೋಡಿ.

ಡಿಸ್ಕ್

ಇಲ್ಲಿಂದ ಇದು ಆಟಿಕೆಯಲ್ಲ, ಪೂರ್ಣ ಕಂಪ್ಯೂಟರ್. ಕಾಮೊಡೋರಿನ ಡಿಸ್ಕ್ ಸಾಲಿನ 6 ಪಿನ್ನಿನ ಡಿನ್ ಜೋಡಣೆಯಲ್ಲಿ 2ನೆಯದು ಗ್ರೌಂಡ್, 3ನೆಯದು ಎಟಿಎನ್, 4ನೆಯದು ಕ್ಲಾಕ್, 5ನೆಯದು ಡೇಟಾ, 6ನೆಯದು ರೀಸೆಟ್. 1ನೆಯದು ನಮಗೆ ಬೇಡ. ಗ್ರೌಂಡ್ ಸೇರಿ ನಾಲ್ಕು ತಂತಿಗಳಿಂದಲೇ ಕೆಲಸ ನಡೆಯುತ್ತದೆ. ರೀಸೆಟ್ ಜೋಡಿಸದಿದ್ದರೆ ಯಂತ್ರವನ್ನು ಮರುಶುರು ಮಾಡಿದಾಗ ಡ್ರೈವನ್ನು ನಾವೇ ಬೇರೆಯಾಗಿ ಆರಿಸಿ ಹಾಕಬೇಕಾಗುತ್ತದೆ, ಅಷ್ಟೇ. ಈ ತಂತಿಯನ್ನು ಚುಚ್ಚುವುದಾಗಲಿ ಕೀಳುವುದಾಗಲಿ ಎರಡೂ ಕಡೆಯ ವಿದ್ಯುತ್ ಆರಿದ್ದಾಗ ಮಾತ್ರ.

ಕಾಮೊಡೋರ್ 64ರ ಜೊತೆ ಬಳಸುತ್ತಿದ್ದ ಮೂಲ 1541 ಡಿಸ್ಕ್ ಡ್ರೈವ್ ಸಿಕ್ಕಿದರೆ ಅದು ಸಂತೋಷದ ವಿಷಯ. ಅದರೊಳಗೇ ಒಂದು ಪ್ರೊಸೆಸರ್ ಮತ್ತು 2 ಕಿಲೋಬೈಟ್ ರ‍್ಯಾಮ್ ಇದೆ, 5.25 ಇಂಚಿನ ಡಿಸ್ಕಿನ ಒಂದು ಮುಖದಲ್ಲಿ ಸುಮಾರು 170 ಕಿಲೋಬೈಟ್ ಹಿಡಿಸುತ್ತದೆ. ಆದರೆ ಅಮೆರಿಕದಿಂದ ಬಂದ ಡ್ರೈವ್ 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಪ್ಲಗ್ಗಿಗೆ ಪರಿವರ್ತಕ ತುಂಡು ಸಿಕ್ಕಿಸಿ ನೇರವಾಗಿ ಚುಚ್ಚಿದರೆ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ನಡುವೆ ಇರಲೇಬೇಕು. ಈ ಕಾರಣಕ್ಕೆ, ಮತ್ತು ನಲವತ್ತು ವರ್ಷ ಹಳೆಯ ಡಿಸ್ಕುಗಳು ನಮ್ಮ ಮಳೆಗಾಲದ ತೇವದಲ್ಲಿ ಬೂಸ್ಟು ಹಿಡಿಯುವುದರಿಂದ, ಹೆಚ್ಚಿನವರಿಗೆ ನಾನು ಹೇಳುವುದು ಎಸ್‌ಡಿ2ಐಇಸಿ ಎಂಬ ಪುಟ್ಟ ಬೋರ್ಡನ್ನು. ಎಸ್‌ಡಿ ಕಾರ್ಡಿನಲ್ಲಿರುವ ಡಿಸ್ಕ್ ಚಿತ್ರಣಗಳನ್ನು, ಅಂದರೆ ಇಡೀ ಡಿಸ್ಕನ್ನು ಒಂದು ಕಡತವಾಗಿ ನಕಲು ಮಾಡಿದವುಗಳನ್ನು, ಅದು ಕಾಮೊಡೋರ್ ಡ್ರೈವಿನ ಭಾಷೆಯಲ್ಲಿ ಓದಿ ಕೊಡುತ್ತದೆ. 5 ವೋಲ್ಟ್ ಸ್ವೀಕರಿಸುವ ಬೋರ್ಡಾದರೆ ನಾವು ಈಗಾಗಲೇ ಕೂರಿಸಿದ ಪೂರೈಕೆಯಿಂದಲೇ ನಡೆಯುತ್ತದೆ. ಒಂದು ಮಿತಿಯಿದೆ: 1541ರ ಒಳಗಿನ ಪ್ರೊಸೆಸರನ್ನು ಅದು ಅನುಕರಿಸುವುದಿಲ್ಲವಾದ್ದರಿಂದ, ಆ ಪ್ರೊಸೆಸರಿಗೆ ತಮ್ಮದೇ ಆದೇಶಗಳನ್ನು ಕಳುಹಿಸಿ ವೇಗವಾಗಿ ಓದಿಸಿಕೊಳ್ಳುವ ಆಟಗಳು ಅದರಿಂದ ತೆರೆಯದೆ ಹೋಗಬಹುದು.

ಪರೀಕ್ಷೆಗೆ ಬೇಸಿಕ್ ಪರದೆಯಲ್ಲಿ ಲೋಡ್ ಎಂಬ ಪದ, ಉದ್ಧರಣ ಚಿಹ್ನೆಗಳೊಳಗೆ ಡಾಲರ್ ಗುರುತು, ಅಲ್ಪವಿರಾಮ, 8 ಎಂದು ಟೈಪ್ ಮಾಡಿ ರಿಟರ್ನ್ ಒತ್ತಿ. 8 ಎಂಬುದು ಮೊದಲ ಡ್ರೈವಿನ ಸಂಖ್ಯೆ. ಹುಡುಕುತ್ತಿದ್ದೇನೆ, ತುಂಬುತ್ತಿದ್ದೇನೆ ಎಂಬರ್ಥದ ಸಾಲುಗಳು ಬಂದು ಮತ್ತೆ ರೆಡಿ ಕಂಡಾಗ ಲಿಸ್ಟ್ ಎಂದು ಕೊಟ್ಟರೆ ಡಿಸ್ಕಿನ ಪಟ್ಟಿ ಪರದೆಯ ಮೇಲೆ ಇಳಿಯುತ್ತದೆ. ಡಾಲರಿನ ಜಾಗದಲ್ಲಿ ನಕ್ಷತ್ರ ಚಿಹ್ನೆಯನ್ನೂ ಕೊನೆಯಲ್ಲಿ ಇನ್ನೊಂದು ಅಲ್ಪವಿರಾಮ ಹಾಗೂ 1 ಅನ್ನೂ ಹಾಕಿದರೆ ಮೊದಲ ಕಡತ ಬರುತ್ತದೆ, ರನ್ ಎಂದರೆ ಅದು ಓಡುತ್ತದೆ. ಸಾಮಾನ್ಯ ಕ್ರಮದಲ್ಲಿ ಮೂಲ ಡ್ರೈವಿನಿಂದ ಸೆಕೆಂಡಿಗೆ ಬರುವುದು ಸುಮಾರು 400 ಬೈಟ್ ಮಾತ್ರ, ಆದ್ದರಿಂದ 40 ಕಿಲೋಬೈಟಿನ ಆಟಕ್ಕೆ ಒಂದೂಮುಕ್ಕಾಲು ನಿಮಿಷ ಕಾಯಬೇಕು. ಸಾಧನ ಸಿಗಲಿಲ್ಲ ಎಂಬ ಸಂದೇಶ ಬಂದರೆ ಮೊದಲು ಎಟಿಎನ್ ತಂತಿಯನ್ನೂ ಗ್ರೌಂಡನ್ನೂ ನೋಡಿ. ಹುಡುಕುತ್ತಿದ್ದೇನೆ ಎಂಬಲ್ಲಿಯೇ ನಿಂತರೆ ಕ್ಲಾಕ್ ಮತ್ತು ಡೇಟಾವನ್ನು ನೋಡಿ.

ಪಾಲ್ ಆವೃತ್ತಿಯ ಬಣ್ಣ

ಪಾಲ್ ಯಂತ್ರ ಇರುವವರು ಬಣ್ಣಗಳು ಕಲಸಿದಂತೆ, ಹೊಳಪಿನ ಹಂತಗಳು ಅಸಹಜವಾಗಿ ಕಾಣುವುದನ್ನು ಗಮನಿಸಿರುತ್ತಾರೆ. ಇದರ ಕಾರಣ ತಿಳಿದರೆ ಪರಿಹಾರ ತಾನಾಗಿಯೇ ಹೊಳೆಯುತ್ತದೆ. ಚಿಪ್ಪು ಹೊಳಪನ್ನು 4 ಬಿಟ್‌ಗಳಲ್ಲಿ, ವರ್ಣವನ್ನು 4 ಬಿಟ್‌ಗಳಲ್ಲಿ ಹೊರಗೆ ಕೊಡುತ್ತದೆ. ಆ ಸೊನ್ನೆ ಒಂದುಗಳನ್ನು ಟಿವಿಗೆ ಬೇಕಾದ ಏರಿಳಿತದ ವೋಲ್ಟೇಜ್ ಆಗಿ ಮಾರ್ಪಡಿಸುವುದು ರೆಸಿಸ್ಟರುಗಳ ಒಂದು ಏಣಿ. ಏಣಿಯ ಉದ್ದದ ಪಟ್ಟಿಯಲ್ಲಿ ಒಂದು ಬೆಲೆಯ ರೆಸಿಸ್ಟರುಗಳು, ಪ್ರತಿ ಬಿಟ್‌ನಿಂದ ಬರುವ ಮೆಟ್ಟಿಲುಗಳಲ್ಲಿ ಅದರ ಎರಡರಷ್ಟು ಬೆಲೆಯವು ಇರಬೇಕು. ಆಗ ಮಾತ್ರ ಪ್ರತಿ ಬಿಟ್ ತನ್ನ ಕೆಳಗಿನದರ ಸರಿಯಾಗಿ ಎರಡರಷ್ಟು ತೂಗುತ್ತದೆ. ಪಾಲ್ ಬೋರ್ಡನ್ನು ಜೋಡಿಸುವಾಗ ಈ ಎರಡು ಬೆಲೆಗಳು ಅದಲುಬದಲಾದವು, ತೂಕದ ಲೆಕ್ಕವೆಲ್ಲ ತಪ್ಪಿತು.

ಚಿಪ್ಪಿನಿಂದ ವಿಡಿಯೋ ತಂತಿಯ ಕಡೆಗೆ ಹೋಗುವ ದಾರಿಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ರೆಸಿಸ್ಟರುಗಳ ಎರಡು ಸಾಲುಗಳನ್ನು ಹುಡುಕಿ. ಬೆಲೆಯನ್ನು ಮೀಟರಿನಿಂದ ಅಳೆಯದೆ ಅದರ ಬೆನ್ನಿನ ಅಂಕೆಗಳನ್ನು ಓದಿ, ಏಕೆಂದರೆ ಬೋರ್ಡಿನಲ್ಲಿದ್ದಾಗ ಅಕ್ಕಪಕ್ಕದ ದಾರಿಗಳೂ ಸೇರಿ ಮೀಟರ್ ಕಡಿಮೆ ತೋರಿಸುತ್ತದೆ. ಮೂರು ಅಂಕೆಯ ಬರಹದಲ್ಲಿ ಮೊದಲೆರಡು ಅಂಕೆ, ಮೂರನೆಯದು ಸೊನ್ನೆಗಳ ಸಂಖ್ಯೆ: 102 ಎಂದರೆ 1000 ಓಮ್. ಪ್ರತಿಯೊಂದನ್ನೂ ಕಾಗದದಲ್ಲಿ ಏಣಿಯ ಆಕಾರದಲ್ಲಿ ಬರೆಯಿರಿ. ಸಣ್ಣ ಬೆಲೆಗಳು ಮೆಟ್ಟಿಲಿನಲ್ಲಿ, ದೊಡ್ಡವು ಪಟ್ಟಿಯಲ್ಲಿ ಇದ್ದರೆ ದೋಷ ಅಲ್ಲಿದೆ. ಅವುಗಳನ್ನು ಒಂದೊಂದಾಗಿ ಎತ್ತಿ ಸ್ಥಾನ ಬದಲಿಸಬಹುದು, ಆದರೆ ಎತ್ತುವಾಗ ಕಳೆದುಹೋಗುವುದು ಸಾಮಾನ್ಯವಾದ್ದರಿಂದ ಅದೇ ಬೆಲೆಯ ಹೊಸ ರೆಸಿಸ್ಟರುಗಳನ್ನು ತಂದಿಟ್ಟುಕೊಳ್ಳಿ. ಒಂದು ತುದಿಗೆ ಹೆಚ್ಚುವರಿ ತವರ ಹಾಕಿ, ಎರಡೂ ತುದಿಗಳನ್ನು ಬೇಗ ಬೇಗ ಬಿಸಿ ಮಾಡುತ್ತಾ ಚಿಮಟದಿಂದ ಬದಿಗೆ ಸರಿಸಬೇಕು, ಮೇಲಕ್ಕೆ ಕೀಳಬಾರದು. ಈ ಮಾರ್ಗದರ್ಶಿಯಲ್ಲಿ ಇದೇ ಅತ್ಯಂತ ಸೂಕ್ಷ್ಮವಾದ ಕೆಲಸ. ಬೆಸುಗೆಯಲ್ಲಿ ಕೈ ಪಳಗದವರು ಹಾಳಾದ ಯಾವುದಾದರೂ ಬೋರ್ಡಿನ ಮೇಲೆ ಹತ್ತಿಪ್ಪತ್ತು ಸಲ ಅಭ್ಯಾಸ ಮಾಡಿ ಬನ್ನಿ.

ಇನ್ನೆರಡು ಸೇರ್ಪಡೆಗಳು

ಹಳೆಯ 9 ಪಿನ್ನಿನ ಜಾಯ್‌ಸ್ಟಿಕ್ ಜೋಡಿಸುವುದು ಸುಲಭ, ಏಕೆಂದರೆ ಅದರೊಳಗೆ ಗ್ರೌಂಡಿಗೆ ಮುಟ್ಟುವ ಐದು ಸ್ವಿಚ್ಚುಗಳಲ್ಲದೆ ಬೇರೇನೂ ಇಲ್ಲ. ಪಿನ್ 1 ಮೇಲೆ, 2 ಕೆಳಗೆ, 3 ಎಡ, 4 ಬಲ, 6 ಗುಂಡಿ, 8 ಗ್ರೌಂಡ್. ಯಂತ್ರದ ಸ್ವಂತ ಕೋಲಿನ ಐದು ಸ್ವಿಚ್ಚುಗಳ ಒಂದು ಬದಿ ಗ್ರೌಂಡಿಗೆ ಸೇರಿದೆಯೇ ಎಂದು ಬೀಪಿನಿಂದ ಖಚಿತಪಡಿಸಿಕೊಂಡು, ಇನ್ನೊಂದು ಬದಿಗಳಿಗೆ ಈ ಪಿನ್ನುಗಳನ್ನು ಸಮಾನಾಂತರವಾಗಿ ಬೆಸೆದರೆ ಎರಡು ಕೋಲುಗಳಲ್ಲಿ ಯಾವುದನ್ನು ಹಿಡಿದರೂ ಆಟ ಆಡಬಹುದು.

ಪಾಲ್ ಆವೃತ್ತಿಯ ಫ್ಲ್ಯಾಶಿನಲ್ಲಿ ಬೇರೆ ಆಟಗಳನ್ನು ಬರೆಯುವುದು ಸಾಧ್ಯ. ಆದರೆ ಯಂತ್ರ ಶುರುವಾಗಲು ಬೇಕಾದ ತಂತ್ರಾಂಶವೂ ಅದೇ ಫ್ಲ್ಯಾಶಿನಲ್ಲಿದೆ. ಬರೆಯುವ ನಡುವೆ ಕರೆಂಟ್ ಹೋದರೆ ಯಂತ್ರ ಮತ್ತೆ ಏಳುವುದಿಲ್ಲ. ಆದ್ದರಿಂದ ಮೂಲ 2 ಮೆಗಾಬೈಟಿನ ಪ್ರತಿಯನ್ನು ಮೊದಲು ಹೊರಗೆ ತೆಗೆದು ಎರಡು ಕಡೆ ಉಳಿಸಿ, ಪವರ್ ಬ್ಯಾಂಕಿನಿಂದ ವಿದ್ಯುತ್ ಕೊಟ್ಟು ಬರೆಯಿರಿ. ಕೀಬೋರ್ಡ್ ಮತ್ತು ಡಿಸ್ಕ್ ಕೆಲವು ವಾರ ತೊಂದರೆಯಿಲ್ಲದೆ ನಡೆದ ಮೇಲಷ್ಟೇ ಇದಕ್ಕೆ ಇಳಿಯುವುದು ಲೇಸು.

ಮುಚ್ಚುವುದು

ಸಾಕೆಟ್ಟುಗಳಿಗೆ ತೂತು ಕೊರೆಯುವ ಮೊದಲು ಮೇಲಿನ ಹೋಳನ್ನು ಖಾಲಿಯಾಗಿ ಕೂರಿಸಿ, ಕೋಲಿನ ದಂಡ ನಾಲ್ಕೂ ದಿಕ್ಕಿಗೆ ಬಾಗಿದಾಗ ಒಳಗೆ ಎಲ್ಲಿಯವರೆಗೆ ಬರುತ್ತದೆ, ಸ್ಕ್ರೂ ಕೂರುವ ಕಂಬಗಳು ಎಲ್ಲಿವೆ ಎಂದು ನೋಡಿ. ಅವೆರಡನ್ನೂ ತಪ್ಪಿಸಿ ಹಿಂಬದಿಯಲ್ಲಿ ಗುರುತು ಹಾಕಿ. ಮೊದಲು ಮೂರು ಮಿಲಿಮೀಟರಿನ ಸಣ್ಣ ತೂತು ಕೊರೆದು, ದುಂಡು ಅರದಿಂದ ನಿಧಾನವಾಗಿ ದೊಡ್ಡದು ಮಾಡಿ. ದೊಡ್ಡ ಡ್ರಿಲ್ ತುದಿಯನ್ನು ನೇರವಾಗಿ ಇಟ್ಟರೆ ಹಳೆಯ ಪ್ಲಾಸ್ಟಿಕ್ ಸೀಳುತ್ತದೆ. ಪ್ಲಾಸ್ಟಿಕ್ ಪುಡಿಯನ್ನು ಪೂರ್ತಿ ಒರೆಸಿದ ಮೇಲೆ ಬೋರ್ಡನ್ನು ಒಳಗಿಡಿ.

ಸಾಕೆಟ್ಟುಗಳನ್ನು ಪೆಟ್ಟಿಗೆಗೆ ಭದ್ರವಾಗಿ ಬಿಗಿದು, ತಂತಿಗಳಿಗೆ ಒಂದು ಸುರುಳಿಯಷ್ಟು ಸಡಿಲ ಬಿಟ್ಟು, ದಂಡದ ದಾರಿಗೆ ಬಾರದಂತೆ ಅಂಚಿನಲ್ಲಿ ಅಂಟಿಸಿ. ಗುಂಡಿಗಳ ಕೆಳಗಿನ ರಬ್ಬರ್ ಸ್ಥಳದಲ್ಲಿದೆಯೇ ಎಂದು ಮೊದಲು ತೆಗೆದ ಫೋಟೋದೊಂದಿಗೆ ಹೋಲಿಸಿ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಕೊನೆಯ ಸುತ್ತಿಗೆ ಬಲ ಹಾಕಬೇಡಿ. ಕೊನೆಗೆ ಸೆಲ್ ಹಾಕದೆ ಅಡಾಪ್ಟರಿನಲ್ಲಿ ಒಮ್ಮೆ, ಅಡಾಪ್ಟರ್ ಮತ್ತು ಕೀಬೋರ್ಡ್ ಎರಡನ್ನೂ ತೆಗೆದು ಸೆಲ್‌ನಲ್ಲಿ ಒಮ್ಮೆ ಯಂತ್ರವನ್ನು ಶುರು ಮಾಡಿ, ಮೊದಲ ದಿನ ಕಾಗದದಲ್ಲಿ ಬರೆದಿಟ್ಟ ದಿಕ್ಕುಗಳನ್ನೂ ಗುಂಡಿಗಳನ್ನೂ ಒಂದೊಂದಾಗಿ ಒತ್ತಿ ತಾಳೆ ನೋಡಿ.